14 ದಾಟಿದವರಿಗೂ ಒಂದು ಶಿಬಿರ ಬೇಡವೇ?

ಸಂಪಾದಕರಿಗೆ,

ಮಾನ್ಯರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬೇಸಿಗೆ ಶಿಬಿರಗಳ ಪ್ರಕಟಣೆಗಳು ಸಾಲಾಗಿ ಬಂದಿದ್ದವು. ಚಿತ್ರಕಲೆ, ಕರಾಟೆ, ನಾಟಕ, ಕೀಬೋರ್ಡ್, ಸುಗಮ ಸಂಗೀತ. ಚಹಾ ಕುಡಿಯುತ್ತಾ ಪೆನ್ನು ಹಿಡಿದು ಎಣಿಸಿದೆ. ಒಟ್ಟು ಎಂಟು. ಎಂಟರಲ್ಲೂ ಅದೇ ಸಾಲು: ‘6 ರಿಂದ 14 ವರ್ಷದ ಮಕ್ಕಳಿಗೆ’. ನನಗೀಗ 46. ಅಂದರೆ ನನ್ನ ಪಾಲಿಗೆ ಬಾಗಿಲು ಹಾಕಿ 32 ವರ್ಷ ಆಯಿತು. ಮಗನಿಗೆ ಪುಟ ತೋರಿಸಿದೆ. "ಯಾಕವ್ವಾ, ಕರಾಟೆಗೆ ಹೋಗ್ತೀ ಏನು?" ಅಂದ. ಸಂಗೀತದ ಮೇಲೆ ಪೆನ್ನಿನ ಗುರುತು ಹಾಕಿದ್ದು ಅವನಿಗೆ ಕಾಣಲಿಲ್ಲ.

ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಅಂದರೆ ಪ್ರಥಮ ದರ್ಜೆ ಸಹಾಯಕಿ, ಕೌಂಟರಿನ ಕೆಲಸ. ಮನೆಯಲ್ಲಿ ಅತ್ತೆ, ಯಜಮಾನರು, ಪಿಯುಸಿ ಓದುವ ಮಗ, ಒಂಬತ್ತನೇ ಇಯತ್ತೆಯ ಮಗಳು. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ರಾತ್ರಿ ಹನ್ನೊಂದಕ್ಕೆ ಮಲಗುತ್ತೇನೆ. ನಡುವೆ ಏನೇನು ಇರುತ್ತದೆ ಅಂತ ಬರೆಯುವುದು ಬೇಡ, ಎಲ್ಲರ ಮನೆಯದೂ ಅದೇ ಪಟ್ಟಿ.

ಹಾಡಬೇಕು ಅನ್ನುವುದು ನನಗೆ ಹೊಸದಾಗಿ ಹಿಡಿದ ಹುಚ್ಚಲ್ಲ. ನನ್ನ ತವರು ಯಡ್ರಾಮಿ ಕಡೆ, ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಸೀಮೆ. ಅಮಾವಾಸ್ಯೆ ಬಂದರೆ ಗುಡಿಯಲ್ಲಿ ಭಜನೆ. ಹೊಲದಿಂದ ಬಂದು, ಎತ್ತಿಗೆ ಮೇವು ಹಾಕಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಗಂಡಸರು ಕೂಡುವಷ್ಟರಲ್ಲಿ ರಾತ್ರಿ ಹತ್ತು. ಏಕತಾರಿ, ತಾಳ, ದಮ್ಮಡಿ. ಹೆಂಗಸರು ಕಟ್ಟೆಯ ಆಚೆ ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ಸೊಲ್ಲು ಹಿಡಿಯುತ್ತಿದ್ದರು. ನಾನು ಹಾಗೆ ತೊಡೆ ಮೇಲೆ ಮಲಗಿಯೇ ತತ್ವಪದ ಕೇಳಿದವಳು. ಆಗ ಯಾರೂ ‘ಹಾಡಲು ಟೈಮ್ ಇಲ್ಲ’ ಅಂದದ್ದು ನನಗೆ ನೆನಪಿಲ್ಲ. ಯಾಕೆಂದರೆ ಭಜನೆ ಶುರುವಾಗುವ ಹೊತ್ತನ್ನು ದುಡಿಯುವವರೇ ಗೊತ್ತು ಮಾಡಿದ್ದರು. ಊರಿನ ಕೆಲಸ ಮುಗಿಯದೆ ತಾಳ ಏಳುತ್ತಿರಲಿಲ್ಲ. ಪ್ಯಾಟಿಯಲ್ಲಿ ಹಾಗಲ್ಲ. ಇಲ್ಲಿ ಸಂಗೀತದ ಕ್ಲಾಸಿನ ಹೊತ್ತನ್ನು ಸಾಲಿ ಗಂಟೆ ಗೊತ್ತು ಮಾಡುತ್ತದೆ.

ನಾಲ್ಕು ವರ್ಷದ ಹಿಂದೆ ಒಂದು ಕ್ಲಾಸಿಗೆ ಸೇರಿದ್ದೆ. ಹೆಸರು ಬೇಡ. ಹೊತ್ತು 4 ರಿಂದ 5. ನಮ್ಮ ಕಚೇರಿ ಬಿಡುವುದು 5.30ಕ್ಕೆ. ವಾರಕ್ಕೆ ಎರಡು ದಿನ ಅನುಮತಿ ಕೇಳಿ ಓಡುತ್ತಿದ್ದೆ. ಅಲ್ಲಿ 19 ಮಕ್ಕಳು, ನಾನೊಬ್ಬಳು. ಮಕ್ಕಳು ಒಳ್ಳೆಯವರು. ಪಕ್ಕದಲ್ಲಿ ಕೂಡುತ್ತಿದ್ದ ಒಂಬತ್ತು ವರ್ಷದ ಹುಡುಗಿ ಒಂದು ದಿನ ನನ್ನ ಕಿವಿಯಲ್ಲಿ, "ಆಂಟಿ, ನಿಮ್ಮ ರೇ ಕೋಮಲ ಆಗ್ಲತ್ತದ್ರಿ" ಅಂದಳು. ಅವಳು ಹೇಳಿದ್ದು ಖರೆ, ನನ್ನ ರೇ ಕೆಳಗೆ ಇಳಿಯುತ್ತಿತ್ತು. ಗುರುಗಳು ಮಾತ್ರ ನನಗೆ ಹೇಳುತ್ತಿರಲಿಲ್ಲ. ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡಬೇಕಿತ್ತು, ಅವರ ಕಷ್ಟ ಅವರಿಗೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಈ ವಯಸ್ಸಿಗೆ ಗಂಟಲು ಕಟ್ಟಿಬಿಟ್ಟಿರುತ್ತದೆ ಮೇಡಂ, ಭಕ್ತಿಗೀತೆ ಹಾಡ್ಕೊಂಡಿರ್ರಿ ಸಾಕು" ಅಂದರು. ಆ ತಿಂಗಳ ಫೀ ಕಟ್ಟಿ ಬಿಟ್ಟೆ.

ಆಮೇಲೆ ಫೋನಿನ ಕ್ಲಾಸು. ರಾತ್ರಿ ಒಂಬತ್ತಕ್ಕೆ. ಹೊತ್ತು ಸರಿ ಹೊಂದಿತು, ಉಳಿದದ್ದು ಯಾವುದೂ ಹೊಂದಲಿಲ್ಲ. ಗುರುಗಳ ಜೊತೆ ಕೂಡಿ ಹಾಡಲು ಆಗುವುದಿಲ್ಲ. ಅವರ ಸ್ವರ ನನಗೆ ಮುಟ್ಟುವಷ್ಟರಲ್ಲಿ ಅವರು ಮುಂದಿನ ಸ್ವರದಲ್ಲಿ ಇರುತ್ತಾರೆ. ಇನ್ನೂ ಒಂದು ಮೋಜಿದೆ. ಈ ಫೋನ್ ಕರೆಗಳಲ್ಲಿ ಫ್ಯಾನು, ಮಿಕ್ಸಿಯಂಥ ಒಂದೇ ಸಮನೆ ಬರುವ ಸದ್ದನ್ನು ಅಳಿಸುವ ವ್ಯವಸ್ಥೆ ಇರುತ್ತದೆ. ನಾನು ಉಸಿರು ಕಟ್ಟಿ ಸಾ ಹಿಡಿದರೆ ಅದು ನನ್ನನ್ನೂ ಫ್ಯಾನು ಅಂದುಕೊಂಡು ಅಳಿಸುತ್ತಿತ್ತು! "ಮೇಡಂ, ಹಾಡ್ರಿ" ಅನ್ನುವರು ಗುರುಗಳು. ನಾನು ಹಾಡುತ್ತಲೇ ಇದ್ದೆ. ನನ್ನ ಸಾ ಕದಲದೆ ನಿಂತಿದೆ ಅಂತ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಹೀಗಾಗಿ ನನ್ನ ರಿಯಾಜು, ಅಂದರೆ ಹಾಡಿನ ಅಭ್ಯಾಸ, ರೊಟ್ಟಿ ಹಲಗೆಯ ಮುಂದೆ ಬಂದು ಕೂತಿತು. ನಮ್ಮ ಮನೆಗೆ ಬೆಳಿಗ್ಗೆ 15 ರೊಟ್ಟಿ ಬೇಕು. ಎರಡೂ ಕೈಗೆ ಕೆಲಸ, ಬಾಯಿ ಖಾಲಿ. ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟು ಬಡಿಯುತ್ತಾ ಹೋದರೆ ಬಡಿತ ತಾನಾಗಿ ಎಂಟೆಂಟು ಮಾತ್ರೆಗೆ ಬೀಳುತ್ತದೆ, ಥೇಟ್ ಕೆಹರವಾ ತಾಳ. ಅದರ ಮೇಲೆ ಭೂಪಾಲಿ ಹಿಡಿಯುತ್ತೇನೆ. ಸಾ ರೇ ಗ ಪ ಧ, ಐದೇ ಸ್ವರ, ಮ ಮತ್ತು ನಿ ಇಲ್ಲ. ಭೂಪಾಲಿ ಸಂಜೆಯ ರಾಗ, ಬೆಳಿಗ್ಗೆ ಹಾಡಬಾರದು ಅಂತ ಬಲ್ಲವರು ಹೇಳಬಹುದು. ಅದೇ ಐದು ಸ್ವರದ ದೇಶಕಾರ ಬೆಳಗಿನದು ಅನ್ನುವುದೂ ಗೊತ್ತು. ಆದರೆ ದೇಶಕಾರವನ್ನು ಭೂಪಾಲಿ ಆಗದಂತೆ ಹಾಡುವಷ್ಟು ನನಗೆ ಬರುವುದಿಲ್ಲ. ಇರಲಿ. ಆರನೇ ರೊಟ್ಟಿಯ ತನಕ ಗಂಧಾರ, ಅಂದರೆ ಗ, ನೆಟ್ಟಗೆ ನಿಲ್ಲುತ್ತದೆ. ಹತ್ತರ ಹೊತ್ತಿಗೆ ಹಂಚಿನ ಝಳ ಮುಖಕ್ಕೆ ಹೊಡೆದು ಉಸಿರು ಗಿಡ್ಡ ಆಗುತ್ತದೆ. ರೊಟ್ಟಿ ಮೇಲೆ ನೀರು ಸವರುವ ಬಟ್ಟೆ ಎತ್ತುವಷ್ಟರಲ್ಲಿ ಗಂಧಾರ ಕೂದಲೆಳೆಯಷ್ಟು ಕೆಳಗೆ ಇಳಿದಿರುತ್ತದೆ. ಇಳಿದದ್ದು ನನಗೆ ಗೊತ್ತಾಗುವುದು ಹದಿಮೂರನೇ ರೊಟ್ಟಿಗೆ. ಅಷ್ಟೊತ್ತಿಗೆ ಅತ್ತೆಯ ಚಹಾ ಉಕ್ಕಿರುತ್ತದೆ.

ಮೂರು ವರ್ಷ ಇದನ್ನೇ ರಿಯಾಜು ಅಂದುಕೊಂಡಿದ್ದೆ. ಇದು ಬರೀ ಗುನುಗು ಅಂತ ತಿಳಿದದ್ದು ನಮ್ಮ ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ಅದು ನೆಲಮಾಳಿಗೆಯಂಥ ಕೋಣೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೇ ಫೈಲುಗಳ ಗಂಟು ಸೂರಿನ ತನಕ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೈಲು ಹುಡುಕಲು ಹೋದವಳು ಅಭ್ಯಾಸದಂತೆ ಸಾ ಅಂದೆ. ದನಿ ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಯಿತು. ಗೋಡೆ ಕಾಣದಷ್ಟು ಕಾಗದ ತುಂಬಿದ ಕೋಣೆ ಅಲ್ವಾ, ಸದ್ದನ್ನೆಲ್ಲ ಕುಡಿದುಬಿಡುತ್ತದೆ. ಬಚ್ಚಲಮನೆಯಲ್ಲಿ ಹಾಡಿದರೆ ನಾವೆಲ್ಲ ದೊಡ್ಡ ಗಾಯಕರು. ನುಣ್ಣನೆ ಗೋಡೆ ದನಿಯನ್ನು ತಿರುಗಿಸಿ ತಿರುಗಿಸಿ ಕೊಟ್ಟು ತಪ್ಪನ್ನೆಲ್ಲ ಮುಚ್ಚುತ್ತದೆ. ರೆಕಾರ್ಡ್ ರೂಮಿಗೆ ಆ ದಾಕ್ಷಿಣ್ಯ ಇಲ್ಲ. ಅಲ್ಲಿ ಕೇಳಿದ್ದು ನನ್ನ ಬರೀ ದನಿ. ಒಣಗಿದ್ದು, ಕೊನೆಗೆ ನಡುಗುವುದು. ಫೋನಿನ ಗಡಿಯಾರ ಇಟ್ಟು ನೋಡಿದೆ. ಒಂದು ಉಸಿರಿಗೆ ಸಾ ನಿಂತದ್ದು ಒಂಬತ್ತೇ ಸೆಕೆಂಡು.

ಅಲ್ಲಿಂದ ದಿನಾ ಹೋಗತೊಡಗಿದೆ. ಹೊಟ್ಟೆ ತುಂಬಿದರೆ ಉಸಿರು ಇಳಿಯುವುದಿಲ್ಲ, ಅದಕ್ಕೆ ಮೊದಲು ಹಾಡು, ಆಮೇಲೆ ಡಬ್ಬಿ. ಫೋನಿನಲ್ಲಿ ತಂಬೂರಿ ಸಣ್ಣಗೆ ಹಚ್ಚಿ ಹದಿನೈದೇ ನಿಮಿಷ. ಮಂದ್ರಕ್ಕೆ, ಅಂದರೆ ಕೆಳಗಿನ ಸ್ವರಗಳಿಗೆ, ಮೆಲ್ಲಗೆ ಇಳಿಯುವುದು, ಒಂದೊಂದು ಸ್ವರದ ಮೇಲೆ ನಿಲ್ಲುವುದು, ಅಷ್ಟೇ. ಹಾಡು ಇಲ್ಲ, ತಾನ ಇಲ್ಲ. ಎಂಟನೇ ದಿನ ಬಾಗಿಲು ತೆರೆಯಿತು. ನಮ್ಮ ಅಟೆಂಡರ್.

"ನೀವೇನ್ರಿ ಮೇಡಂ? ಯಾರೋ ರೇಡಿಯೋ ಬಿಟ್ಟು ಹೋಗ್ಯಾರ ಅಂತ ಮಾಡಿದ್ದೆ."

ನನಗೆ ನಾಚಿಕೆಯಾಗಿ ಫೈಲಿನ ಗಂಟು ಬಿಚ್ಚತೊಡಗಿದೆ. ಅವರು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, "ಒಂದ್ ಮಾತು ಹೇಳ್ಲೇನ್ರಿ? ಪ ಮುಟ್ಟೋ ಮೊದಲೇ ನೀವು ಹೆದರ್ತೀರಿ. ಗದ್ದ ಮ್ಯಾಲ ಎತ್ತಬ್ಯಾಡ್ರಿ" ಅಂದರು. ಅವರು ತಮ್ಮ ಓಣಿಯ ಭಜನಾ ಮೇಳದಲ್ಲಿ 25 ವರ್ಷದಿಂದ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು. ಒಂದೇ ಕಚೇರಿಯಲ್ಲಿ ಹನ್ನೊಂದು ವರ್ಷ ಇದ್ದೂ ನನಗೆ ಗೊತ್ತಿರಲಿಲ್ಲ. ಗದ್ದ ಇಳಿಸಿದೆ. ಪಂಚಮ ತಾನೇ ಬಂದು ಕೂತಿತು. ಅವತ್ತಿನಿಂದ ಯಾರಾದರೂ ನನ್ನನ್ನು ಕೇಳಿದರೆ ಅವರು, "ಮೇಡಂ ಹಳೇ ಫೈಲ್ ಹುಡುಕ್ಲತ್ತಾರ" ಅನ್ನುತ್ತಾರೆ. ಈಗ ನನ್ನ ಸಾ ಹದಿನೇಳು ಸೆಕೆಂಡು ನಿಲ್ಲುತ್ತದೆ.

ನಾನು ಬರೆಯಬೇಕೆಂದಿರುವುದು ಇದನ್ನೇ. ಹಾಡುವ ಆಸೆ ಇದೆ ಅಂದರೆ ಜನ ಒಂದೇ ಮಾತು ಹೇಳುತ್ತಾರೆ: ‘ಟೈಮ್ ಮಾಡ್ಕೋಬೇಕ್ರಿ, ಮನಸ್ಸಿದ್ದರೆ ಆಗ್ತದ’. ಹೊತ್ತನ್ನು ನಾವು ಹೇಗಾದರೂ ಕದಿಯುತ್ತೇವೆ ಸ್ವಾಮಿ. ರೊಟ್ಟಿಯಿಂದ ಕದಿಯುತ್ತೇವೆ, ಊಟದ ಬಿಡುವಿನಿಂದ ಕದಿಯುತ್ತೇವೆ. ಕದಿಯಲಾಗದ್ದು ಎರಡು. ಒಂದು, ಬಾಯಿಬಿಟ್ಟು ಹಾಡಲು ಜಾಗ. ಇನ್ನೊಂದು, ತಪ್ಪನ್ನು ಹೇಳುವ ಕಿವಿ. ಮೂರು ವರ್ಷ ಒಬ್ಬಳೇ ಗುನುಗಿದ್ದರಲ್ಲಿ ಆಗದ್ದು ಪೇಟಿ ಬಲ್ಲವರ ಒಂದು ಮಾತಿನಲ್ಲಿ ಆಯಿತು.

ಜಾಗದ ಮಾತು ಹೇಳುತ್ತೇನೆ. ಬಾಡಿಗೆ ಮನೆ, ಮೇಲೆ ಮಾಲೀಕರು, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ. ಟಿವಿ ಎಷ್ಟು ಜೋರಾಗಿ ಹಚ್ಚಿದರೂ ಯಾರೂ ಕೇಳುವುದಿಲ್ಲ. ಸರಳೆ ಹಾಡಿದರೆ ‘ಯಾರಿಗಾದರೂ ಆರಾಮ ಇಲ್ಲೇನು?’ ಅಂತ ಬಂದು ಕೇಳುತ್ತಾರೆ. ಪಬ್ಲಿಕ್ ಗಾರ್ಡನ್ನಿಗೂ ಒಂದು ತಿಂಗಳು ಹೋಗಿ ನೋಡಿದೆ. ಬೆಳಿಗ್ಗೆ ಕೈ ಎತ್ತಿ ಹೋ ಅಂತ ನಗುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಬೆಂಚಿನ ಮೇಲೆ ಕೂತು ಸಾ ಹಿಡಿದವಳನ್ನು ಎಲ್ಲರೂ ನೋಡುತ್ತಾರೆ. ಒಬ್ಬ ಹಿರಿಯರು ಬಂದು, "ಒಂದು ಛಲೋ ಹಾಡು ಹಾಡು ತಾಯಿ, ಬರೀ ಆ ಆ ಯಾಕ?" ಅಂದರು.

ಗಂಟಲಿನ ಕಥೆ ಬೇರೆ. ನಾನು ದಿನಕ್ಕೆ ಆರೇಳು ತಾಸು ಗಾಜಿನ ಕಿಂಡಿಯ ಈಚೆ ಕೂತು ಮಾತಾಡುವವಳು. ‘ಆಧಾರ್ ಜೆರಾಕ್ಸ್ ಎಲ್ಲಿ’, ‘ಸಹಿ ಇಲ್ಲಿ ಅಲ್ಲ, ಅಲ್ಲಿ’. ಕಿಂಡಿಯ ಆಚೆ ಗದ್ದಲ, ಹೀಗಾಗಿ ಎಲ್ಲವನ್ನೂ ಕೂಗಿಯೇ ಹೇಳಬೇಕು. ಹೋದ ಚಳಿಗಾಲದಲ್ಲಿ, ತೊಗರಿ ರಾಶಿಯ ದೂಳೂ ಸೇರಿ, ದನಿ ಮೂರು ವಾರ ಬರಲೇ ಇಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರ್ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಪರದೆ ಮೇಲೆ ತೋರಿಸಿದರು. ಮುತ್ತಿನ ಬಣ್ಣದ ಎರಡು ಸಣ್ಣ ಪಟ್ಟಿ, ಅವೇ ಧ್ವನಿತಂತು. ಹೆಂಗಸರು ಸುಮ್ನೆ ಮಾತಾಡಿದರೂ ಅವು ಸೆಕೆಂಡಿಗೆ ಇನ್ನೂರರ ಆಸುಪಾಸು ಸಲ ಒಂದಕ್ಕೊಂದು ಬಡಿಯುತ್ತವಂತೆ. ಆರೇಳು ತಾಸು ಕೂಗಿ ಬಂದು ಅವಕ್ಕೇ ಮತ್ತೆ ರಿಯಾಜು ಹೇರಿದರೆ ಬಾತುಕೊಳ್ಳದೆ ಇನ್ನೇನು? ಗಂಟು ಏನೂ ಆಗಿಲ್ಲ, ಬಾವು ಅಷ್ಟೇ ಅಂದರು. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗಬಾರದು, ಹೊಟ್ಟೆಯ ಹುಳಿ ಗಂಟಲಿಗೆ ಏರುತ್ತದೆ. ನೀರು ಜಾಸ್ತಿ ಕುಡಿಯಬೇಕು. ಪಿಸುಮಾತು ಆಡಿದರೆ ಗಂಟಲಿಗೆ ವಿಶ್ರಾಂತಿ ಅಂದುಕೊಳ್ಳಬಾರದು, ಅದರಿಂದಲೂ ಬಿಗಿಯುತ್ತದೆ. ನಾನು ಆ ಮೂರು ವಾರವೂ ಪಿಸುಪಿಸು ಅಂತಲೇ ಇದ್ದೆ!

ಅವರು ಕಲಿಸಿದ ಒಂದು ಉಪಾಯ ಕೌಂಟರಿನಲ್ಲಿ ಕೂಡುವ ಎಲ್ಲರಿಗೂ, ಮಾಸ್ತರರಿಗೂ, ಕಂಡಕ್ಟರರಿಗೂ ಹೇಳುವಂಥದ್ದು. ಲೋಟದಲ್ಲಿ ಎರಡು ಬೆರಳು ನೀರು ಹಾಕಿ, ಅದರಲ್ಲಿ ಸ್ಟ್ರಾ ಇಟ್ಟು ಊ ಅಂತ ದನಿ ಬಿಡುವುದು. ನೀರು ಗುಳುಗುಳು ಅನ್ನಬೇಕು. ಆಚೆಯಿಂದ ಬರುವ ಒತ್ತಡ ಆ ಪಟ್ಟಿಗಳಿಗೆ ದಿಂಬು ಇಟ್ಟ ಹಾಗೆ, ಬಡಿತ ಮೆತ್ತಗಾಗುತ್ತದಂತೆ. ಎರಡು ನಿಮಿಷ ಸಾಕು. ಸದ್ದೂ ಕಡಿಮೆ. ಮಾಲೀಕರೂ ಬರುವುದಿಲ್ಲ. ನನ್ನ ಟೇಬಲ್ಲಿನ ಸ್ಟ್ರಾ ನೋಡಿ ಕಚೇರಿಯಲ್ಲಿ ಎಳನೀರಿನ ಚಟ ಅಂತ ಸುದ್ದಿ ಇದೆ.

ವಯಸ್ಸಿಗೆ ದನಿ ಇಳಿಯುವುದೂ ನಿಜ. ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸರ ದನಿ ಸ್ವಲ್ಪ ತಗ್ಗುತ್ತದೆ. ಮೊದಲು ಕಾಳಿ ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೇ ಕರಿ ಮನೆಯ (ಕೀ) ಶ್ರುತಿಯಲ್ಲಿ ಹಾಡುತ್ತಿದ್ದೆ, ಈಗ ಅರ್ಧ ಮೆಟ್ಟಿಲು ಇಳಿದು ಪಾಂಢರಿ ಐದಕ್ಕೆ, ಐದನೇ ಬಿಳಿ ಮನೆಗೆ ಬಂದಿದ್ದೇನೆ. ಇಳಿದದ್ದು ಶ್ರುತಿ, ಕೆಟ್ಟದ್ದು ಏನೂ ಇಲ್ಲ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರವೇ ಗಂಡು ದನಿಯಂತೆ ದಪ್ಪ ಆದದ್ದು. ಆ ದನಿಯಲ್ಲೇ ಅವರು ಮುಂದೆ ಲೋಕ ಗೆದ್ದರು. ಗುರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು ಅವರು. ಹೋಲಿಸಿಕೊಳ್ಳುವ ಹುಚ್ಚು ನನಗಿಲ್ಲ. ಆದರೆ ‘ಗಂಟಲು ಕಟ್ಟಿದೆ’ ಅಂದ ಮಾತು ನೆನಪಾದಾಗಲೆಲ್ಲ ಆ ರೈಲೂ ನೆನಪಾಗುತ್ತದೆ.

ಈಗ ಬೇಸಿಗೆ ವಿಷಯಕ್ಕೆ ಬರುತ್ತೇನೆ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8 ರಿಂದ ಮಧ್ಯಾಹ್ನ 1.30. ಬೆಂಗಳೂರಿನವರಿಗೆ ಇದು ಹೊಟ್ಟೆಕಿಚ್ಚು. 43 ಡಿಗ್ರಿ ಬಿಸಿಲಿನಲ್ಲಿ ಒಂದು ಸಲ ನಮ್ಮೂರ ಸೂಪರ್ ಮಾರ್ಕೆಟ್ ಪ್ರದೇಶ ದಾಟಿದರೆ ಆ ಕಿಚ್ಚು ಆರುತ್ತದೆ. ನನಗೆ ಮಾತ್ರ ಆ ಎರಡು ತಿಂಗಳು ಹಬ್ಬ. ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತು ಇದೆಯಲ್ಲ. ಭೈರವ ನಸುಕಿಗೆ, ಸಾರಂಗ ನಡುಹಗಲಿಗೆ, ಭೀಮಪಲಾಸ ಮಧ್ಯಾಹ್ನಕ್ಕೆ, ಯಮನ್ ದೀಪ ಹಚ್ಚುವ ಹೊತ್ತಿಗೆ. ನೌಕರಿ ಮಾಡುವವರ ಪಾಲಿಗೆ ಮಧ್ಯಾಹ್ನದ ರಾಗಗಳೇ ಇಲ್ಲ. ಹತ್ತು ತಿಂಗಳು ಆ ಹೊತ್ತೆಲ್ಲ ಕೌಂಟರಿನಲ್ಲಿ ಕಳೆಯುತ್ತದೆ. ಏಪ್ರಿಲ್ ಬಂದರೆ ಎರಡಕ್ಕೆ ಮನೆ, ಊಟ, ಒಂದು ಕಣ್ಣು ನಿದ್ದೆ. ನಾಲ್ಕಕ್ಕೆ ಎದ್ದು, ಕೂಲರಿನ ಗದ್ದಲದಲ್ಲಿ ಮಾಲೀಕರಿಗೂ ಕೇಳಿಸದ ಹಾಗೆ ಭೀಮಪಲಾಸ. ನನ್ನ ಮಟ್ಟಿಗೆ ಅದು ಮಾವಿನಹಣ್ಣಿನಂಥ ರಾಗ, ವರ್ಷಕ್ಕೆ ಎರಡೇ ತಿಂಗಳು ಸಿಗುವುದು.

ಇದೇ ಎರಡು ತಿಂಗಳಲ್ಲಿ ಸರ್ಕಾರಿ ಸಾಲಿಗಳಿಗೂ ರಜೆ. ಕೋಣೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ನನ್ನ ಕೋರಿಕೆ ಸಣ್ಣದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು, ಶಿಕ್ಷಣ ಇಲಾಖೆಯವರು ಕೂಡಿ ಊರಲ್ಲಿ ಮೂರು ನಾಲ್ಕು ಕಡೆ ಒಂದೊಂದು ಕೋಣೆ ತೆರೆಯಲಿ. ಸಂಜೆ 5.30 ರಿಂದ 7. ಒಂದು ಕಸಬರಿಗೆ, ಒಂದು ಜಮಖಾನೆ, ಒಂದು ಫ್ಯಾನು. ಸಂಗೀತದ ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕೂತವರು ಈ ಊರಲ್ಲಿ ಇದ್ದಾರೆ, ಅವರಲ್ಲಿ ಒಬ್ಬರು ಕಲಿಸಲು ಬರಲಿ. ಗೌರವಧನ ನಾವೇ ಕೂಡಿಸಿ ಕೊಡುತ್ತೇವೆ. ಸ್ಪರ್ಧೆ ಬೇಡ, ವೇದಿಕೆ ಬೇಡ, ಕೊನೇ ದಿನ ಗಣ್ಯರನ್ನು ಕರೆದು ಶಾಲು ಹೊದಿಸುವುದಂತೂ ಬೇಡವೇ ಬೇಡ. ಒಬ್ಬೊಬ್ಬರ ದನಿಯನ್ನು ಐದೈದು ನಿಮಿಷ ಕೇಳಿ ‘ಇಲ್ಲಿ ತಪ್ಪಿತು’ ಅಂತ ಹೇಳಿದರೆ ಸಾಕು. ಯಾದಗಿರಿ, ಬೀದರಿನವರಿಗೂ ಇದು ಹೊಂದುತ್ತದೆ, ಬಿಸಿಲೂ ಹೊತ್ತೂ ಅಲ್ಲಿಯೂ ಅದೇ.

ಇದರಲ್ಲಿ ಒಂದು ಕೊರತೆ ಇದೆ. 8 ರಿಂದ 1.30 ಅನ್ನುವುದು ನಮ್ಮಂಥ ಸರ್ಕಾರಿ ನೌಕರರ ಭಾಗ್ಯ. ದಾಲ್ ಮಿಲ್ಲಿನಲ್ಲಿ ಹೊಟ್ಟಿನ ದೂಳಲ್ಲಿ ನಿಲ್ಲುವವರಿಗೆ, ಬಟ್ಟೆ ಅಂಗಡಿಯಲ್ಲಿ ರಾತ್ರಿ ಒಂಬತ್ತರ ತನಕ ಸೀರೆ ಬಿಚ್ಚುವ ಹುಡುಗಿಯರಿಗೆ ಆ ಹೊತ್ತು ಇಲ್ಲ. ಅವರಿಗಾಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಅದೇ ಕೋಣೆ ತೆರೆದರೆ ಆದೀತು. ಭಾನುವಾರವೂ ಅಂಗಡಿ ಇರುವವರಿಗೆ ಏನು ಮಾಡಬೇಕು ಅಂತ ನನಗೆ ಹೊಳೆದಿಲ್ಲ. ಅವರೇ ಹೊತ್ತು ಹೇಳಲಿ, ನಮ್ಮೂರ ಭಜನೆಯ ಹಾಗೆ.

ನಿಮಗೂ ಒಂದು ಮಾತು ಸಂಪಾದಕರೇ. ಮುಂದಿನ ಸಲ ಶಿಬಿರದ ಪ್ರಕಟಣೆ ತಂದವರನ್ನು ‘ದೊಡ್ಡವರಿಗೆ ಇಲ್ಲವೇನ್ರಿ?’ ಅಂತ ನಿಮ್ಮ ವರದಿಗಾರರು ಸುಮ್ನೆ ಒಂದು ಸಲ ಕೇಳಲಿ.

ಕೋಣೆ ಸಿಕ್ಕರೆ ಪೇಟಿಯ ಚಿಂತೆ ಬೇಡ, ನನ್ನದು ಇದೆ. ಅಟೆಂಡರ್ ಸಾಹೇಬರೇ ಹಳೇದು ಹುಡುಕಿ ಕೊಡಿಸಿದ್ದು. ಮಂದ್ರದ ಒಂದು ಮನೆ ಒತ್ತಿದರೆ ಏಳದೆ ಊದುತ್ತಲೇ ಇರುತ್ತದೆ, ಬೆರಳಿನಿಂದ ಎತ್ತಿ ಬಿಡಬೇಕು. ರಿಪೇರಿಗೆ ಕೊಡಬೇಕು, ಏಪ್ರಿಲ್ ಒಂದರ ಒಳಗೆ ಕೊಡುತ್ತೇನೆ.

ಹೆಸರು ಹಾಕಬೇಡಿ, ರೆಕಾರ್ಡ್ ರೂಮಿನ ಕೀಲಿ ಕೈ ತಪ್ಪಿ ಹೋದೀತು.

ಇಂತಿ,
ಒಬ್ಬ ಎಫ್‌ಡಿಎ, ಕಲಬುರಗಿ